ಒಡೆಯನೇ ಈಡಾದ ಕಥೆ

ಹಂಪಸಾಗರದಿಂದ ತುಂಗಭದ್ರೆಯ ದಂಡೆ ಹಿಡಿದು ಹಡಗಲಿ ಸೀಮೆಯತ್ತ ಮೇಲಕ್ಕೆ ಹೋದರೆ ಮೈಲಾರ ಸಿಗುತ್ತದೆ. ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಗೊರವಯ್ಯ ಬಿಲ್ಲೇರಿ ನುಡಿಯುವ ಕಾರಣಿಕ ನಾಡಿಗೆಲ್ಲ ಗೊತ್ತು. ಅದೇ ಜಾತ್ರೆಯಲ್ಲಿ ಇನ್ನೊಂದು ಆಚರಣೆಯೂ ಉಂಟು: ಕಂಚವೀರರ ಪವಾಡ. ಸರಪಳಿ ಹರಿಯುವುದು, ಕಾಲಿಗೆ ಗೂಟ ಬಡಿಸಿಕೊಳ್ಳುವುದು ಅದರ ಅಂಗ. ನೋಡುವವರು ಕಣ್ಣು ಮುಚ್ಚಿಕೊಳ್ಳುತ್ತಾರೆ. ವೀರನ ಮುಖದಲ್ಲಿ ನೋವಿನ ಗೆರೆ ಇರುವುದಿಲ್ಲ. ಮೈಲಾರಲಿಂಗನ ಮೇಲಿನ ಭಕ್ತಿಗೆ ಅವನ ಮೈಯೇ ಸಾಕ್ಷಿ.

1968ರಲ್ಲಿ ಜೆರುಸಲೇಮಿನ ಈಶಾನ್ಯದ ಗಿವತ್ ಹ-ಮಿವ್ತಾರ್ ಎಂಬಲ್ಲಿ ಮನೆ ಕಟ್ಟಲು ನೆಲ ಅಗೆಯುತ್ತಿದ್ದಾಗ ಹಳೆಯ ಸಮಾಧಿಗಳು ಸಿಕ್ಕಿದವು. ಅಲ್ಲಿನ ಒಂದು ಕಲ್ಲಿನ ಪೆಟ್ಟಿಗೆಯಲ್ಲಿ ಯೆಹೋಹಾನಾನ್ ಎಂಬ ಯುವಕನ ಮೂಳೆಗಳಿದ್ದವು. ಬಲ ಹಿಮ್ಮಡಿಯ ಮೂಳೆಯನ್ನು ಅಡ್ಡಲಾಗಿ ತೂರಿ ಹೋದ, ಸುಮಾರು 11.5 ಸೆಂಟಿಮೀಟರ್ ಉದ್ದದ ಕಬ್ಬಿಣದ ಮೊಳೆ ಹಾಗೆಯೇ ಉಳಿದಿತ್ತು. ಅದರ ತುದಿ ಬಾಗಿದ್ದುದರಿಂದ ಹೆಣ ಇಳಿಸಿದವರಿಗೆ ಕೀಳಲಾಗಿರಲಿಲ್ಲ. ಯೇಸುಕ್ರಿಸ್ತನ ಕಾಲಕ್ಕೇ, ಮೊದಲನೆಯ ಶತಮಾನಕ್ಕೆ ಸೇರಿದ ಈ ಮೂಳೆ ಶಿಲುಬೆಯ ಶಿಕ್ಷೆಗೆ ಸಿಕ್ಕ ಮೊದಲ ಪ್ರತ್ಯಕ್ಷ ಪುರಾವೆಯಾಯಿತು.

ಮೈಲಾರದ ಗೂಟವನ್ನೂ ಜೆರುಸಲೇಮಿನ ಮೊಳೆಯನ್ನೂ ಪಕ್ಕಪಕ್ಕದಲ್ಲಿಟ್ಟರೆ ಕ್ರೈಸ್ತ ನಂಬಿಕೆಯ ವಿಚಿತ್ರ ಥಟ್ಟನೆ ಕಾಣುತ್ತದೆ. ಮೈಲಾರದಲ್ಲಿ ಭಕ್ತ ತನ್ನ ಮೈಯನ್ನು ದೇವರಿಗೆ ಒಪ್ಪಿಸುತ್ತಾನೆ. ಕ್ರೈಸ್ತರಾದರೋ ಮೊಳೆ ಹೊಡೆಸಿಕೊಂಡವನನ್ನೇ ದೇವರೆನ್ನುತ್ತಾರೆ. ಅದೂ ಪವಾಡ ತೋರಲಿಲ್ಲ. ಇಳಿದು ಬಾ ನೋಡೋಣ ಎಂದು ಅಣಕಿಸಿದವರ ಮುಂದೆ ಇಳಿಯಲಿಲ್ಲ. ನೋವಿನಿಂದ ಕೂಗಿ ಸತ್ತ. ಇಂಥ ಸಾವಿನಲ್ಲಿ ಪೂಜಿಸುವಂಥದ್ದೇನಿದೆ?

ಈ ಪ್ರಶ್ನೆಯನ್ನು ಮೊದಲು ಕೇಳಿದವರು ರೋಮನರು. ಅವರ ದೃಷ್ಟಿಯಲ್ಲಿ ಶಿಲುಬೆ ಬರಿಯ ಮರಣದಂಡನೆಯಲ್ಲ, ಮರ್ಯಾದೆ ಕಳೆಯುವ ಶಿಕ್ಷೆ. ಅದು ಮುಖ್ಯವಾಗಿ ಗುಲಾಮರಿಗೆ, ದಂಗೆಕೋರರಿಗೆ ಮೀಸಲು. ರೋಮಿನ ಪೌರನಿಗೆ ಸಾಮಾನ್ಯವಾಗಿ ಅದನ್ನು ವಿಧಿಸುತ್ತಿರಲಿಲ್ಲ; ಆ ಹೆಸರೇ ಪೌರನ ಕಿವಿಗೆ ಬೀಳಬಾರದು ಎನ್ನುವ ಅಭಿಪ್ರಾಯ ವಾಗ್ಮಿ ಸಿಸೆರೊನದು. ಕ್ರಿಸ್ತಪೂರ್ವ 71ರಲ್ಲಿ ಸ್ಪಾರ್ಟಕಸ್‌ನ ಗುಲಾಮರ ದಂಗೆ ಅಡಗಿದಾಗ ಕಾಪುವಾದಿಂದ ರೋಮ್‌ವರೆಗಿನ ಹೆದ್ದಾರಿಯುದ್ದಕ್ಕೂ ಆರು ಸಾವಿರ ಸೆರೆಯಾಳುಗಳನ್ನು ಶಿಲುಬೆಗೇರಿಸಿದರೆಂದು ಇತಿಹಾಸಕಾರ ಅಪ್ಪಿಯನ್ ಬರೆದಿದ್ದಾನೆ. ದಾರಿಹೋಕರು ನೋಡಲಿ, ಹೆದರಲಿ ಎಂಬುದೇ ಉದ್ದೇಶ. ಬೆತ್ತಲೆ ದೇಹ, ನಿಧಾನದ ಸಾವು, ಹೆಣಕ್ಕೆ ಹದ್ದು ನಾಯಿಗಳ ಕಾಟ.

ಯೇಸುವಿಗೆ ಈ ಶಿಕ್ಷೆ ವಿಧಿಸಿದವನು ಪೊಂತ್ಯ ಪಿಲಾತ. ಅವನು ಯೂದಾಯವನ್ನು ಆಳಿದ್ದು ಕ್ರಿಸ್ತಶಕ 26ರಿಂದ 36ರವರೆಗೆ. ಆದ್ದರಿಂದ ಸಾವು ಸುಮಾರು 30 ಅಥವಾ 33ರಲ್ಲಿ ಆಗಿರಬೇಕೆಂದು ಲೆಕ್ಕ. ತಲೆಯ ಮೇಲಿನ ಹಲಗೆಯಲ್ಲಿ ಬರೆಸಿದ ಆಪಾದನೆ ರಾಜಕೀಯದ್ದು: ಯೆಹೂದ್ಯರ ಅರಸನೆಂದು. ಎಂದರೆ ಸರಕಾರದ ಕಡತದಲ್ಲಿ ಆತ ಒಬ್ಬ ರಾಜದ್ರೋಹಿ. ಯೆಹೂದ್ಯರ ಧರ್ಮಶಾಸ್ತ್ರದ ಪ್ರಕಾರವೂ ಮರಕ್ಕೆ ತೂಗುಹಾಕಲ್ಪಟ್ಟವನು ಶಾಪಗ್ರಸ್ತ. ಶಿಲುಬೆಯ ಮಾತು ಯೆಹೂದ್ಯರಿಗೆ ಅಡ್ಡಿ, ಗ್ರೀಕರಿಗೆ ಹುಚ್ಚುತನ ಎಂದು ಸಂತ ಪೌಲನೇ ಒಪ್ಪಿಕೊಂಡಿದ್ದಾನೆ.

ಹುಚ್ಚುತನವೆಂದು ನಕ್ಕವರ ಒಂದು ಚಿತ್ರ ಇಂದಿಗೂ ಉಳಿದಿದೆ. ರೋಮಿನ ಪ್ಯಾಲಟೈನ್ ಬೆಟ್ಟದಲ್ಲಿ 1857ರಲ್ಲಿ ಸಿಕ್ಕ ಗೋಡೆಗೀರಿನಲ್ಲಿ ಶಿಲುಬೆಯ ಮೇಲೆ ಕತ್ತೆಯ ತಲೆಯ ಮನುಷ್ಯ. ಕೆಳಗೆ ಕೈಯೆತ್ತಿ ನಿಂತ ಒಬ್ಬಾತ. ಅಲೆಕ್ಸಮೆನೊಸ್ ತನ್ನ ದೇವರನ್ನು ಪೂಜಿಸುತ್ತಿದ್ದಾನೆ ಎಂಬರ್ಥದ ಬರಹ. ಶಿಲುಬೆಗೇರಿದ ಕ್ರಿಸ್ತನ ತೀರ ಹಳೆಯ ಚಿತ್ರಗಳಲ್ಲಿ ಒಂದು, ಹೀಗೆ, ಗೇಲಿಯ ಚಿತ್ರ! ಕ್ರೈಸ್ತರೇ ಆ ದೃಶ್ಯವನ್ನು ಎಲ್ಲರ ಕಣ್ಣಿಗೆ ಬೀಳುವಂತೆ ಕೆತ್ತಲು ಬಹಳ ಕಾಲ ಹಿಂಜರಿದರು. ರೋಮಿನ ಸಾಂತಾ ಸಬೀನಾ ಚರ್ಚಿನ ಮರದ ಬಾಗಿಲಿನಲ್ಲಿ ಅದು ಕಾಣಿಸುವುದು ಐದನೆಯ ಶತಮಾನದಲ್ಲಿ. ಅಷ್ಟು ಹೊತ್ತಿಗೆ ಆ ಶಿಕ್ಷೆ ರದ್ದಾಗಿತ್ತು, ಶಿಲುಬೆ ಚಕ್ರವರ್ತಿ ಕಾನ್ಸ್ಟಂಟೈನನ ಸೇನೆಯ ಲಾಂಛನವೂ ಆಗಿತ್ತು. ಗುಲಾಮರನ್ನು ಕೊಲ್ಲುವ ಕಂಬ ಸಾಮ್ರಾಜ್ಯದ ಬಾವುಟವಾದದ್ದು ಶಿಲುಬೆಗೆ ಸಂದ ಗೌರವವೋ ಅದರ ಅರ್ಥಕ್ಕೆ ಬಡಿದ ಎರಡನೆಯ ಮೊಳೆಯೋ ಎಂಬ ಅನುಮಾನ ಬಾರದಿರದು. ಮುಂದೆ ಅದೇ ಗುರುತನ್ನು ಹೊತ್ತು ಧರ್ಮಯುದ್ಧಗಳು ನಡೆದವು. ಯೇಸುವನ್ನು ಕೊಂದವರೆಂದು ಯೆಹೂದ್ಯರನ್ನು ಶತಮಾನಗಳ ಕಾಲ ಹಿಂಸಿಸಲಾಯಿತು. ಆ ಸಾವಿನ ಹೊಣೆಯನ್ನು ಅಂದಿನ ಎಲ್ಲ ಯೆಹೂದ್ಯರ ಮೇಲಾಗಲಿ ಇಂದಿನವರ ಮೇಲಾಗಲಿ ಹೊರಿಸಲಾಗದೆಂದು ಕಥೋಲಿಕ ಚರ್ಚು ವಿಧ್ಯುಕ್ತವಾಗಿ ಸಾರಿದ್ದು 1965ರಲ್ಲಿ, ಎರಡನೆಯ ವ್ಯಾಟಿಕನ್ ಮಹಾಸಭೆಯಲ್ಲಿ.

ಇಂಥ ಶಿಲುಬೆ ಕನ್ನಡಕ್ಕೆ ಬಂದ ಬಗೆ ಸ್ವಾರಸ್ಯಕರವಾದುದು. ಶಬ್ದವೇ ದೂರದ್ದು. ಸಿರಿಯಾಕ್ ಭಾಷೆಯ ಸ್ಲೀಬಾ ಕೇರಳದ ಸುರಿಯಾನಿ ಕ್ರೈಸ್ತರಲ್ಲಿ ಉಳಿಯಿತು, ತಮಿಳಿನಲ್ಲಿ ಸಿಲುವೈ ಆಯಿತು, ಕನ್ನಡಕ್ಕೆ ಬಂದು ಶಿಲುಬೆಯಾಯಿತು. ಬೆಂಗಳೂರಿನ ಹೊರವಲಯದ ಸಿಲ್ವೆಪುರದ ಹೆಸರಿನಲ್ಲಿರುವುದೂ ಇದೇ ಮಾತು. ಕರಾವಳಿಯ ಕೊಂಕಣಿ ಕ್ರೈಸ್ತರು ಪೋರ್ಚುಗೀಸ್ ಕಡೆಯಿಂದ ಬಂದ ಖುರಿಸ್ ಎಂಬ ಮಾತನ್ನು ಬಳಸುತ್ತಾರೆ. ಕನ್ನಡದಲ್ಲಿ ಶೂಲ ಎಂಬ ಮಾತು ಮೊದಲೇ ಇತ್ತು; ಶೂಲಕ್ಕೇರಿಸಿದ ಕಳ್ಳರ ಕಥೆ ಕೇಳದ ಮಕ್ಕಳಿರಲಿಲ್ಲ. ಬೈಬಲಿನ ಕನ್ನಡದಲ್ಲಿ ಆ ಮಾತು ನೆಲೆ ನಿಲ್ಲದ್ದು ಒಂದು ಬಗೆಯಲ್ಲಿ ನಷ್ಟವೇ. ಶೂಲ ಎಂದರೆ ಕೇಳಿದವನ ಬೆನ್ನು ನಡುಗುತ್ತಿತ್ತು; ಶಿಲುಬೆ ಎಂದರೆ ನಡುಗುವುದಿಲ್ಲ.

17ನೆಯ ಶತಮಾನದ ನಡುವೆ ಶ್ರೀರಂಗಪಟ್ಟಣಕ್ಕೆ ಬಂದ ಜೆಸುಯಿಟ್ ಪಾದ್ರಿ ಲಿಯೊನಾರ್ಡೊ ಚಿನ್ನಮಿಯಿಂದ ಕನ್ನಡದಲ್ಲಿ ಕ್ರೈಸ್ತ ಬೋಧನೆಯ ಬರಹ ಮೊದಲಾಯಿತು. ಆದರೆ ಬೈಬಲಿಗೆ ಕನ್ನಡ ರೂಪ ಕೊಡುವ ದೊಡ್ಡ ಕೆಲಸ ನಡೆದದ್ದು ಬಳ್ಳಾರಿಯಲ್ಲಿ. ನಿಜಾಮನು ಬಿಟ್ಟುಕೊಟ್ಟ ಈ ಸೀಮೆ 1800ರಲ್ಲಿ ಕಂಪೆನಿ ಸರಕಾರದ ಕೈಸೇರಿತು. 1810ರಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಯಲ್ಲಿ ನೆಲೆನಿಂತು ಕನ್ನಡ ಕಲಿತರು. ಮುಂದೆ ಕನ್ನಡ ನಿಘಂಟಿನಿಂದ ಹೆಸರಾದ ವಿಲಿಯಂ ರೀವ್ ಅವರ ಜೊತೆಗೂಡಿದರು. 1820ರ ದಶಕದಲ್ಲಿ ಹೊಸ ಒಡಂಬಡಿಕೆ, 1830ರ ದಶಕದ ಮೊದಲಿಗೆ ಇಡೀ ಬೈಬಲು ಅಚ್ಚಾಗಿ ಹೊರಬಂತು. ಬಳಿಕ ಬಾಸೆಲ್ ಮಿಷನ್ನಿನ ವೈಗಲ್ ಮತ್ತಿತರರು ಅದನ್ನು ಪರಿಷ್ಕರಿಸಿದರು. (ಪತ್ರಿಕೆ ಓದುಗರಿಗೆ ಈ ಮಿಷನ್ನಿನ ಇನ್ನೊಂದು ಋಣವುಂಟು. 1843ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕನ್ನಡದ ಮೊದಲ ಪತ್ರಿಕೆ ಮರುವರ್ಷ ‘ಕನ್ನಡ ಸಮಾಚಾರ’ ಎಂಬ ಹೆಸರಿನಲ್ಲಿ ಅಚ್ಚಾದದ್ದು ಬಳ್ಳಾರಿಯಲ್ಲಿ.)

ಅನುವಾದಕರಿಗೆ ಎದುರಾದ ತೊಡಕು ವ್ಯಾಕರಣದ್ದಲ್ಲ. ಕ್ರಿಸ್ತನು ಜನರ ಪಾಪಗಳಿಗಾಗಿ ಸತ್ತ ಎಂಬ ವಾಕ್ಯ ಕನ್ನಡದಲ್ಲಿ ಸಲೀಸಾಗಿಯೇ ಬರುತ್ತದೆ. ಆದರೆ ಕೇಳುವವನ ಮನಸ್ಸಿನಲ್ಲಿ ಇನ್ನೊಂದು ವಾಕ್ಯ ಮೊದಲೇ ಕೂತಿದೆ: ಮಾಡಿದ್ದುಣ್ಣೋ ಮಹಾರಾಯ. ಪ್ರಾಯಶ್ಚಿತ್ತ ಎಂಬ ಮಾತನ್ನು ಬಳಸಿದರೂ ನಮ್ಮ ಧರ್ಮಶಾಸ್ತ್ರದಲ್ಲಿ ಪಾಪ ಮಾಡಿದವನೇ ಪ್ರಾಯಶ್ಚಿತ್ತ ಮಾಡಿಕೊಳ್ಳಬೇಕು. ಒಬ್ಬ ಉಂಡರೆ ಇನ್ನೊಬ್ಬನ ಹಸಿವು ಹಿಂಗೀತೆ? ಕರ್ಮಸಿದ್ಧಾಂತವನ್ನು ನಂಬಿದವರಿಗೆ ಶಿಲುಬೆಯ ಬೋಧನೆ ಒಗಟಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ.

ಊರಮ್ಮನ ಜಾತ್ರೆಯಲ್ಲಿ ಮಾತ್ರ ಈ ಒಗಟು ಅಷ್ಟು ಕಠಿಣವಲ್ಲ. ಇಡೀ ಊರಿನ ಪರವಾಗಿ ಒಂದು ಕೋಣ ಬಲಿಯಾಗುವುದು, ಅದರ ರಕ್ತ ಬೆರೆತ ಚರಗವನ್ನು ಊರ ಗಡಿಯಲ್ಲಿ ಚೆಲ್ಲುವುದು, ಮಾರಿ ತಣಿದಳೆಂದು ಜನ ನಿಟ್ಟುಸಿರು ಬಿಡುವುದು ಈ ಕಡೆಯ ಹಳ್ಳಿಗಳಿಗೆ ಗೊತ್ತಿದ್ದ ಆಚರಣೆ. ಒಬ್ಬರಿಗಾಗಿ ಇನ್ನೊಂದು ಜೀವ ಎಂಬ ಲೆಕ್ಕ ಶಾಸ್ತ್ರದಲ್ಲಿ ಇಲ್ಲದಿದ್ದರೂ ಊರಬಾಗಿಲಲ್ಲಿ ಇತ್ತು. ಯೆಹೂದ್ಯರಲ್ಲೂ ಹಾಗೆಯೇ. ಐಗುಪ್ತದ ಜೀತದಿಂದ ಬಿಡುಗಡೆಯಾದ ರಾತ್ರಿಯ ನೆನಪಿಗೆ ಪಸ್ಕ ಹಬ್ಬದಲ್ಲಿ ಕುರಿಮರಿ ಕೊಯ್ಯುತ್ತಿದ್ದರು. ಯೇಸು ಸತ್ತದ್ದು ಆ ಹಬ್ಬದ ದಿನಗಳಲ್ಲೇ. ಆತನನ್ನು ದೇವರ ಕುರಿಮರಿ ಎಂದು ಕರೆಯುವುದು ಇದರಿಂದ. ಆದರೆ ಬೈಬಲಿನ ಇಬ್ರಿಯರ ಪತ್ರಿಕೆ ಈ ಹೋಲಿಕೆಯನ್ನು ತಿರುವಿಹಾಕುತ್ತದೆ. ಇಲ್ಲಿ ಪೂಜಾರಿಯೂ ಆತನೇ, ಬಲಿಯೂ ಆತನೇ. ಒಂದೇ ಸಲ, ಎಲ್ಲ ಕಾಲಕ್ಕೂ. ಇನ್ನು ಬೇರೆ ಬಲಿ ಬೇಕಿಲ್ಲ. ಮಾರಿ ಸಿಟ್ಟಾಗಿ ಬಲಿ ಕೇಳುತ್ತಾಳೆ. ಈ ದೇವರು ತಾನೇ ಬಲಿಯಾಗುತ್ತಾನೆ. ಬಲಿಯ ಭಾಷೆಯಲ್ಲೇ ಹೇಳಿದ, ಬಲಿಯನ್ನು ನಿಲ್ಲಿಸುವ ಮಾತು ಇದು.

ಕ್ರೈಸ್ತ ಪಂಡಿತರೇ ಇದನ್ನು ಒಂದೇ ರೀತಿ ವಿವರಿಸಿಲ್ಲ. ಮೊದಲ ಶತಮಾನಗಳಲ್ಲಿ ಹಲವರು ಇದನ್ನು ಸೈತಾನನ ಮೇಲಿನ ಜಯವೆಂದರು. 1098ರಲ್ಲಿ ತನ್ನ ಗ್ರಂಥ ಮುಗಿಸಿದ ಆನ್ಸೆಲ್ಮ್, ಮನುಷ್ಯ ತೀರಿಸಲಾಗದ ಸಾಲವನ್ನು ದೇವಪುತ್ರ ತೀರಿಸಿದನೆಂದ. ಅವನಿಗಿಂತ ಕಿರಿಯನಾದ ಅಬೆಲಾರ್ಡ್, ಸಾಲ ಸೋಲದ ಮಾತು ಬಿಟ್ಟು, ಆ ಪ್ರೀತಿಯನ್ನು ಕಂಡು ಮನುಷ್ಯನ ಮನಸ್ಸು ಕರಗುವುದೇ ಮುಖ್ಯ ಎಂದ. ಸುಧಾರಣಾವಾದಿಗಳು ನ್ಯಾಯಾಲಯದ ಭಾಷೆ ಬಳಸಿದರು: ನಮಗೆ ಬರಬೇಕಾದ ಶಿಕ್ಷೆಯನ್ನು ಆತ ಅನುಭವಿಸಿದ. ಗಮನಿಸಬೇಕಾದ ಸಂಗತಿಯೆಂದರೆ ಚರ್ಚುಗಳು ಇಂದಿಗೂ ಹೇಳುವ ನಾಲ್ಕನೆಯ ಶತಮಾನದ ವಿಶ್ವಾಸಪ್ರಮಾಣದಲ್ಲಿ ಈ ಯಾವ ಸಿದ್ಧಾಂತವೂ ಇಲ್ಲ. ಪಿಲಾತನ ಕಾಲದಲ್ಲಿ ನಮಗೋಸ್ಕರ ಶಿಲುಬೆಗೇರಿದ ಎಂಬಷ್ಟೇ ಅದರ ಸಾರ. ದಿನಾಂಕಕ್ಕೆ ಒಬ್ಬ ಅಧಿಕಾರಿಯ ಹೆಸರು, ಅರ್ಥಕ್ಕೆ ‘ನಮಗೋಸ್ಕರ’ ಎಂಬ ಒಂದು ಮಾತು.

ಆ ಮಾತನ್ನು ಬಳ್ಳಾರಿ ಸೀಮೆಯ ಮಣ್ಣಿಗೆ ಇಳಿಸಿದ ಶಬ್ದವೊಂದು ಕನ್ನಡ ಬೈಬಲಿನಲ್ಲಿದೆ: ಈಡು. ಗುಲಾಮನನ್ನೋ ಸೆರೆಯಾಳನ್ನೋ ಬಿಡಿಸಿಕೊಳ್ಳಲು ತೆರುವ ಬೆಲೆ ಎಂಬರ್ಥದ ಗ್ರೀಕ್ ಶಬ್ದಕ್ಕೆ ಇದು ಸಮಾನಪದ. ಯೇಸು ತನ್ನ ಪ್ರಾಣವನ್ನೇ ಹಾಗೆ ಕೊಟ್ಟನೆಂದು ಮಾರ್ಕನ ಸುವಾರ್ತೆ ಹೇಳುತ್ತದೆ. ಈಡು ಎಂದರೇನೆಂದು ಮಳೆ ಕಾಣದ ಸೀಮೆಯ ರೈತನಿಗೆ ವಿವರಿಸಬೇಕಾಗಿರಲಿಲ್ಲ. ಸಾಲಕ್ಕೆ ಹೊಲ ಈಡು, ಹೊಲ ಇಲ್ಲದವನಿಗೆ ಮಗನೇ ಈಡು. ಅಪ್ಪನ ಸಾಲಕ್ಕೆ ಮಗ ಜೀತಕ್ಕೆ ನಿಲ್ಲುವ ಪದ್ಧತಿಯನ್ನು ಕಾನೂನು ರದ್ದುಮಾಡಿದ್ದು 1976ರಲ್ಲಿ. ಆತನನ್ನು ಬಿಡಿಸಿಕೊಳ್ಳಲು ಯಾರೋ ಒಬ್ಬ ತಾನೇ ಈಡಾಗಿ ನಿಂತ ಎಂಬ ಸುದ್ದಿ ಪಂಡಿತನಿಗೆ ಒಗಟಾದರೂ ಜೀತದಾಳಿಗೆ ಒಗಟಲ್ಲ.

1876-78ರ ಬರದಲ್ಲಿ ಬಳ್ಳಾರಿ ಜಿಲ್ಲೆ ತತ್ತರಿಸಿತು. ಹಸಿದವರಿಗೆ ಗಂಜಿ, ಅನಾಥ ಮಕ್ಕಳಿಗೆ ಆಶ್ರಯ ಕೊಟ್ಟವರಲ್ಲಿ ಮಿಷನ್ನಿನವರೂ ಇದ್ದರು. ಗಂಜಿಗಾಗಿ ಕ್ರೈಸ್ತರಾದರೆಂಬ ಹೀಯಾಳಿಕೆ ಇದರ ಬೆನ್ನಿಗೇ ಬಂತು. ಆಡುವವರ ಹೊಟ್ಟೆ ತುಂಬಿತ್ತು. ಹಸಿವೊಂದೇ ಕಾರಣವಾಗಿದ್ದರೆ ಬರ ತೀರಿದ ಮೇಲೂ ಮೂರು ನಾಲ್ಕು ತಲೆಮಾರು ಶಿಲುಬೆಯ ಮುಂದೆ ಮೊಣಕಾಲೂರುವ ಕಾರಣವಿರಲಿಲ್ಲ.

ಒಡೆಯನಿಗಾಗಿ ಆಳು ಸಾಯುವುದು ಕನ್ನಡನಾಡಿಗೆ ಹೊಸದಲ್ಲ. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಬಳಿಯ ಕಂಬ ಹೇಳುವುದು ಅದನ್ನೇ: 1220ರ ಸುಮಾರಿಗೆ ವೀರಬಲ್ಲಾಳ ತೀರಿಕೊಂಡಾಗ ಗರುಡನಾಗಿ ವ್ರತ ತೊಟ್ಟಿದ್ದ ಕುವರ ಲಕ್ಷ್ಮ ತನ್ನ ಹೆಂಡತಿ ಮತ್ತು ಪರಿವಾರದ ವೀರರೊಡನೆ ಪ್ರಾಣ ಬಿಟ್ಟ. ವೇಳೆವಾಳಿಗಳು, ಸಿಡಿತಲೆ ಕೊಟ್ಟವರು, ಎಲ್ಲರೂ ಕೆಳಗಿನಿಂದ ಮೇಲಕ್ಕೆ ಪ್ರಾಣ ಅರ್ಪಿಸಿದವರು. ಶಿಲುಬೆಯಲ್ಲಿ ಪ್ರಾಣ ಹರಿಯುವುದು ಮೇಲಿನಿಂದ ಕೆಳಕ್ಕೆ. ಪೌಲನು ಫಿಲಿಪ್ಪಿಯರಿಗೆ ಬರೆದ ಪತ್ರದ ಒಂದು ಭಾಗ ಇದನ್ನೇ ಹೇಳುತ್ತದೆ: ದೇವಸ್ವರೂಪನಾಗಿದ್ದವನು ದಾಸನ ರೂಪ ತೊಟ್ಟ, ದಾಸನಿಗೆ ಬರುವ ಸಾವನ್ನೂ ತಪ್ಪಿಸಿಕೊಳ್ಳಲಿಲ್ಲ. ಇದಕ್ಕೆ ವೀರಗಲ್ಲು ನೆಟ್ಟವರಿಲ್ಲ. ನೆಡಬೇಕೆಂದರೂ ಆಳಿನ ಜಾಗದಲ್ಲಿ ಒಡೆಯನನ್ನು ಕೆತ್ತುವ ಕ್ರಮ ಶಿಲ್ಪಿಗೆ ಗೊತ್ತಿರಲಿಲ್ಲ.

ಸರಕಾರ ಅಪರಾಧಿಯೆಂದು ಕೊಂದವನನ್ನು ಜನ ಶರಣನೆಂದು ಪೂಜಿಸುವುದು ಮಾತ್ರ ಇಲ್ಲಿಗೆ ಅಪರಿಚಿತವಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಹರಳಯ್ಯ ಮಧುವರಸರಿಗೆ ಎಳೆಹೂಟೆ ಶಿಕ್ಷೆಯಾಯಿತೆಂದು ಶರಣ ಪರಂಪರೆ ನೆನೆಯುತ್ತದೆ. ಶರಣರ ಗುಣ ಮರಣದಲ್ಲಿ ನೋಡು ಎಂಬ ಗಾದೆ ಕೊಟ್ಟೂರು ಸೀಮೆಯ ಯಾವ ಅಜ್ಜಿಯ ಬಾಯಲ್ಲಾದರೂ ಸಿಕ್ಕೀತು. ಮಂಜೇಶ್ವರದ ಗೋವಿಂದ ಪೈ, ಕ್ರೈಸ್ತರಲ್ಲದ ಕವಿ, ಯೇಸುವಿನ ಕೊನೆಯ ದಿನವನ್ನು ‘ಗೊಲ್ಗೊಥಾ’ ಎಂಬ ಖಂಡಕಾವ್ಯವಾಗಿಸಿದ್ದೂ ಆ ಮೇಲೆ ಬುದ್ಧನ ಕಡೆಯ ದಿನವನ್ನು ‘ವೈಶಾಖಿ’ಯಲ್ಲಿ ಹಾಡಿದ್ದೂ ಇದೇ ಗಾದೆಯ ಮನಸ್ಸಿನಿಂದ ಎನ್ನಬಹುದು.

ಆದರೂ ಈ ಮರಣದಲ್ಲಿ ಗಾದೆ ನಿರೀಕ್ಷಿಸುವ ಶಾಂತಿ ಪೂರ್ತಿಯಾಗಿ ಇಲ್ಲ. ದೇವರೇ ತನ್ನ ಕೈಬಿಟ್ಟನೇಕೆ ಎಂದು ಯೇಸು ಕೂಗಿದ್ದನ್ನು ಮತ್ತಾಯ, ಮಾರ್ಕರು ಮುಚ್ಚಿಡಲಿಲ್ಲ. ಬೆಂಗಳೂರಿನ ಯುನೈಟೆಡ್ ಥಿಯಾಲಜಿಕಲ್ ಕಾಲೇಜಿನಲ್ಲಿ ಅರವಿಂದ ಪಿ. ನಿರ್ಮಲ್ 1981ರಲ್ಲಿ ಕೊಟ್ಟ ಉಪನ್ಯಾಸದಿಂದ ಬೆಳೆದ ದಲಿತ ಕ್ರೈಸ್ತ ಚಿಂತನೆ ಹಿಡಿದುಕೊಂಡದ್ದು ಈ ಕೂಗನ್ನೇ. ಕೈಬಿಡಲ್ಪಟ್ಟವನ ಅನುಭವವೇ ದಲಿತನ ಅನುಭವ, ಆ ಶಿಲುಬೆಯಲ್ಲಿರುವವನು ತಮ್ಮವನು ಎಂದು ಅದು ವಾದಿಸಿತು. ಹಳ್ಳಿಯ ಚರ್ಚಿನಲ್ಲಿ ಕೂತವರಿಗೆ ಇದು ಹೊಸ ಸಿದ್ಧಾಂತವಾಗಿ ಕೇಳಿಸಿರಲಿಕ್ಕಿಲ್ಲ.

ಮೂರನೆಯ ದಿನದ ಪುನರುತ್ಥಾನವಿಲ್ಲದಿದ್ದರೆ ನಂಬಿಕೆಯೇ ವ್ಯರ್ಥವೆಂದು ಪೌಲ ಹೇಳಿದ. ಆ ಶುಕ್ರವಾರ ಶುಭವಾದದ್ದು ಭಾನುವಾರದ ಕಡೆಯಿಂದ ಹಿಂತಿರುಗಿ ನೋಡಿದ್ದರಿಂದ. ಹಾಗೆಂದು ಯಾರೂ ಶುಕ್ರವಾರವನ್ನು ಬೇಗ ದಾಟಿಸುವುದಿಲ್ಲ. ಸಿ.ಎಸ್.ಐ. ಚರ್ಚುಗಳಲ್ಲಿ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಶಿಲುಬೆಯ ಮೇಲಿನ ಏಳು ನುಡಿಗಳ ಧ್ಯಾನ ನಡೆಯುತ್ತದೆ. ಅಲ್ಲಿನ ಶಿಲುಬೆ ಸಾಮಾನ್ಯವಾಗಿ ಬರಿದು. ಕಥೋಲಿಕರ ಶಿಲುಬೆಯಲ್ಲಿ ದೇಹ ತೂಗುತ್ತಿರುತ್ತದೆ. ಜನ ಹದಿನಾಲ್ಕು ನಿಲುಗಡೆಗಳ ಶಿಲುಬೆಹಾದಿ ನಡೆದು, ಸಾಲಾಗಿ ಬಂದು ಆ ಪಾದಕ್ಕೆ ಮುತ್ತಿಡುತ್ತಾರೆ. ಆ ದಿನ ಅವರಲ್ಲಿ ಪೂಜಾಬಲಿ ಇಲ್ಲ. ಪೀಠದ ಮೇಲೆ ಬಟ್ಟೆಯಿಲ್ಲ, ದೀಪವಿಲ್ಲ. ಗಂಟೆಯನ್ನು ಶನಿವಾರ ರಾತ್ರಿಯವರೆಗೆ ಬಾರಿಸುವುದಿಲ್ಲ. ಜನರನ್ನು ಕರೆಯಬೇಕಾದರೆ ಮರದ ಗಿಲಕಿ ಆಡಿಸುತ್ತಾರೆ.