ಕಾಫಿ ಮಿಲ್ಲಿನ ಕಳೆದುಹೋದ ಸ್ಕ್ರೂ ಹೇಳೋ ಕಥೆ

ಇವತ್ತಿನ ಎಪಿಸೋಡ್ ಒಂದು ಸ್ಕ್ರೂ ಬಗ್ಗೆ. ಹೌದು, ಬರೀ ಒಂದು ಸ್ಕ್ರೂ. ಆದ್ರೆ ಅದರ ಇತಿಹಾಸ ನಿಮ್ಮ ಮೊಬೈಲ್ ಟ್ರೈಪಾಡ್‌ವರೆಗೂ ಬರುತ್ತೆ, ಹಾಗಾಗಿ ಸ್ಕಿಪ್ ಮಾಡಬೇಡಿ.

ನಮ್ಮ ಅಜ್ಜಿ ಮನೆಯಲ್ಲಿ ಒಂದು ಕೈ ಕಾಫಿ ಮಿಲ್ ಇದೆ. ಎರಕದ ಕಬ್ಬಿಣದ್ದು, ಮೈಮೇಲೆ ‘ಸ್ಪಾಂಗ್’ ಅನ್ನೋ ಹೆಸರು. ಸ್ಪಾಂಗ್ ಅಂದ್ರೆ 1856ರಲ್ಲಿ ಶುರುವಾದ ಲಂಡನ್ ಕಂಪನಿ. ಮನೆಯಲ್ಲೇ ಬೀಜ ಹುರಿದು, ಪುಡಿ ಮಾಡಿ, ಡಿಕಾಕ್ಷನ್ ಇಳಿಸ್ತಿದ್ದ ಕಾಲದಲ್ಲಿ ಇಂಥ ಕೈ ಮಿಲ್‌ಗಳು ದಕ್ಷಿಣ ಭಾರತದ ಎಷ್ಟೋ ಅಡುಗೆಮನೆಗಳಲ್ಲಿದ್ದವು.

ನಮ್ಮದರಲ್ಲಿ ಹಿಡಿಯ ಮರದ ಗುಬಟು ಇಲ್ಲ, ಪುಡಿ ಬೀಳೋ ತಟ್ಟೆ ಇಲ್ಲ, ಮುಂದಿನ ಅಡ್ಜಸ್ಟ್‌ಮೆಂಟ್ ಸ್ಕ್ರೂ ಕೂಡ ಇಲ್ಲ. ಮಾವ ಗುಜರಿಗೆ ಹಾಕೋಣ ಅಂದ್ರು. ನಾನು ಓದಿದ ಬಿಕಾಂ ಪ್ರಕಾರ ಅವರು ಸರಿ: ಡಿಪ್ರಿಸಿಯೇಷನ್ ಮುಗಿದು ಬುಕ್ ವ್ಯಾಲ್ಯೂ ಸೊನ್ನೆ. ಆದ್ರೆ ಎಂಬತ್ತೈದು ದಾಟಿದ ಅಜ್ಜಿ, “ಅದರ ಪುಡೀಲಿ ಇನ್ನೊಂದ್ಸಲ ಕಾಫಿ ಕುಡೀಬೇಕು ಕಣೋ” ಅಂದ್ರು. ಈ ಎಂಟ್ರಿ ಯಾವ ಲೆಡ್ಜರ್‌ನಲ್ಲೂ ಬರಲ್ಲ.

ಗುಬಟು, ತಟ್ಟೆ ಸುಲಭ. ಬಡಗಿ ಒಂದು ಮಾಡಿಕೊಟ್ಟರು, ಇನ್ನೊಂದಕ್ಕೆ ಸ್ಟೀಲ್ ಬಟ್ಟಲು ಸಾಕು. ಸ್ಕ್ರೂ ಮಾತ್ರ ಹಾಗಲ್ಲ. ಒಳಗಿನ ಎರಡು ಹಲ್ಲು ಚಕ್ರಗಳ ಅಂತರವನ್ನ ಹಿಡಿದಿಡೋದೇ ಅದು. ಅಂತರ ಜಾಸ್ತಿಯಾದ್ರೆ ಪುಡಿ ತರಿತರಿ, ಫಿಲ್ಟರ್‌ನಲ್ಲಿ ನೀರು ಸರ್ರಂತ ಇಳಿದು ಡಿಕಾಕ್ಷನ್ ತೆಳು. ತೀರಾ ಕಮ್ಮಿಯಾದ್ರೆ ಫಿಲ್ಟರ್ ಕಟ್ಟಿಕೊಳ್ಳುತ್ತೆ.

ಇಲ್ಲಿ ಇತಿಹಾಸ ಅಡ್ಡ ಬಂತು. ಭಾರತ 1956ರ ಕಾಯ್ದೆಯಿಂದ ಮೆಟ್ರಿಕ್ ಪದ್ಧತಿಗೆ ಹೊರಳಿತು. ಈಗ ಅಂಗಡೀಲಿ ಕೇಳಿದ್ರೆ ಮೊದಲು ಕೊಡೋದು 6 ಮಿಲಿಮೀಟರ್ ಬೋಲ್ಟ್. ಅದು ಒಂದೆರಡು ಸುತ್ತು ಹೋಗಿ ಸಿಕ್ಕಿಕೊಳ್ತು. ಬಲವಂತ ಮಾಡಿದ್ರೆ ಮಿಲ್ಲಿನ ಥ್ರೆಡ್ಡೇ ಹಾಳು. ಲೇತ್ ಅಂಗಡಿಯ ಹಿರಿಯರೊಬ್ಬರು ಹಳೇ ಡಬ್ಬಿ ಕೆದಕಿ, ಒಂದು ಬೋಲ್ಟ್ ತಿರುಗಿಸಿ ನೋಡಿ, “ಕಾಲಿಂಚು ವಿಟ್‌ವರ್ತ್” ಅಂದ್ರು.

ಯಾರೀ ವಿಟ್‌ವರ್ತ್? ಇಂಗ್ಲೆಂಡಿನ ಎಂಜಿನಿಯರ್ ಜೋಸೆಫ್ ವಿಟ್‌ವರ್ತ್. ಆಗ ಒಂದೊಂದು ಕಾರ್ಖಾನೆಗೆ ಒಂದೊಂದು ಥ್ರೆಡ್. ಒಬ್ಬರ ನಟ್ ಇನ್ನೊಬ್ಬರ ಬೋಲ್ಟಿಗೆ ಕೂರ್ತಿರಲಿಲ್ಲ. ಅವನು ಬೇರೆ ಬೇರೆ ಕಾರ್ಖಾನೆಗಳ ಬೋಲ್ಟ್ ತರಿಸಿ, ಹೋಲಿಸಿ, 1841ರಲ್ಲಿ ಒಂದೇ ಅಳತೆ ಮುಂದಿಟ್ಟ. ಥ್ರೆಡ್ ಕೋನ 55 ಡಿಗ್ರಿ, ಕಾಲಿಂಚಿನ ಸ್ಕ್ರೂಗೆ ಇಂಚಿಗೆ 20 ಸುತ್ತು. ರೈಲ್ವೆಗಳು ಇದನ್ನ ಒಪ್ಪಿದ ಮೇಲೆ ಬ್ರಿಟಿಷ್ ಯಂತ್ರಗಳ ಜೊತೆ ಈ ಅಳತೆ ಲೋಕವೆಲ್ಲ ಸುತ್ತಿತು.

ಈಗ ನಿಮ್ಮ ಟ್ರೈಪಾಡ್ ತೆಗೀರಿ. ಮೇಲಿರೋ ಸ್ಕ್ರೂ ಕೂಡ ಕಾಲಿಂಚು, ಇಂಚಿಗೆ 20 ಸುತ್ತು! ಕೋನ ಮಾತ್ರ ಈಗ 60 ಡಿಗ್ರಿ.

ಆ ಹಿರಿಯರು ಹಿತ್ತಾಳೆಯಲ್ಲಿ ಹೊಸ ಸ್ಕ್ರೂ ಕಡೆದುಕೊಟ್ಟರು. ಮೊದಲೆರಡು ಹಿಡಿ ಪುಡಿಯಲ್ಲಿ ತುಕ್ಕು ಬಂತು, ಎಸೆದ್ವಿ. ಮೂರನೇದು ಅಜ್ಜಿಯ ಲೋಟಕ್ಕೆ. “ಸ್ವಲ್ಪ ಬಿಗಿ ಮಾಡು, ಇನ್ನೂ ನುಣ್ಣಗಾಗಲಿ” ಅಂತ ತಕ್ಷಣ ಆರ್ಡರ್ ಬಂತು.

ಈ ಮಿಲ್ ಬದುಕಿದ್ದು ಗಟ್ಟಿ ಕಬ್ಬಿಣದಿಂದ ಮಾತ್ರ ಅಲ್ಲ. ಅದರ ಅಳತೆ ಗುಟ್ಟಾಗಿರಲಿಲ್ಲ, ಬಲ್ಲವರು ಒಬ್ಬರು ಉಳಿದಿದ್ದರು, ಅದಕ್ಕೆ. ಬ್ಯಾಟರಿಯನ್ನ ಗೋಂದು ಹಾಕಿ ಅಂಟಿಸಿರೋ ನಮ್ಮ ಇಯರ್‌ಬಡ್‌ಗೆ ಆ ಭಾಗ್ಯ ಇದೆಯಾ, ಯೋಚಿಸಿ.

ನಿಮ್ಮ ಅಟ್ಟದ ಮೇಲೆ ಏನಿದೆ? ಗುಜರಿಯವರು ಬರೋ ಮುಂಚೆ ಒಂದ್ಸಲ ಹತ್ತಿ ನೋಡಿ. ಮುಂದಿನ ವಾರ ಸಿಗೋಣ.