ಅಣುಜೋಡಿಯ ಸಾಕ್ಷಿ



ರೋಣ, ನರಗುಂದ, ಗಜೇಂದ್ರಗಡದ ಎರೆಹೊಲಗಳಲ್ಲಿ ನೊಗಕ್ಕೆ ಹೂಡಿದ ಎತ್ತುಗಳನ್ನು ನೀವು ನೋಡಿದ್ದೀರಿ. ಒಂಟಿ ಎತ್ತಿನ ನಡಿಗೆಯೇ ಬೇರೆ, ಜೋಡಿಯಾದಾಗಿನ ನಡಿಗೆಯೇ ಬೇರೆ. ದೂರದಿಂದ ನೊಗ ಕಾಣದಿದ್ದರೂ ನಡಿಗೆಯಿಂದಲೇ ಅದನ್ನು ಊಹಿಸಬಹುದು. ಅಣುಗಳ ವಿಷಯವೂ ಹೀಗೆಯೇ. ನೀರಿನ ಎರಡು ಅಣುಗಳು ಒಂದನ್ನೊಂದು ಸಡಿಲವಾಗಿ ಹಿಡಿದುಕೊಂಡಾಗ ಆ ಹಿಡಿತವನ್ನು ನಮ್ಮ ಕ್ಯಾಮೆರಾ ತೋರಿಸಲಾರದು. ಅವಕೆಂಪು ರೋಹಿತ ತೋರಿಸುತ್ತದೆ.

ಅಣುವಿನೊಳಗಿನ ಬಂಧಗಳು ಸ್ಪ್ರಿಂಗಿನಂತೆ ಕಂಪಿಸುತ್ತವೆ. ತಮ್ಮ ಕಂಪನಕ್ಕೆ ಹೊಂದುವ ಅವಕೆಂಪು ಬೆಳಕನ್ನು ಹೀರುತ್ತವೆ. ಅದನ್ನು ಒಂದು ಸೆಂಟಿಮೀಟರಿಗೆ ಎಷ್ಟು ಅಲೆಗಳು ಎಂದು ಅಳೆಯುತ್ತಾರೆ. ಒಂಟಿ ನೀರಿನ ಅಣುವಿನಲ್ಲಿ ಎರಡೂ ಬಂಧಗಳು ಒಟ್ಟಿಗೆ ಹಿಗ್ಗಿ ಕುಗ್ಗುವಾಗ ಇದು 3657. ಜೋಡಿಯಲ್ಲಿ ಹಿಡಿತಕ್ಕೆ ಸಿಕ್ಕ ಬಂಧದ್ದು ಸುಮಾರು 3600. ಬಂಧ ತುಸು ಉದ್ದವಾಗಿ ಕಂಪನ ನಿಧಾನವಾಯಿತು. ಇದೇ ಕೆಂಪು ಪಲ್ಲಟ. 1957ರಲ್ಲಿ ಅಮೆರಿಕದ ಜಾರ್ಜ್ ಪಿಮೆಂಟೆಲ್ ಮತ್ತು ಸಂಗಡಿಗರು ಘನ ಸಾರಜನಕದಲ್ಲಿ ನೀರನ್ನು ಸೆರೆಹಿಡಿದು ಇಂಥ ಜೋಡಿಗಳ ರೋಹಿತವನ್ನು ಅಭ್ಯಸಿಸಿದರು. ಜಲಜನಕ ಬಂಧದ, ಅಂದರೆ ಹೈಡ್ರೋಜನ್ ಬಾಂಡ್‌ನ, ಗುರುತು ಕೆಂಪು ಪಲ್ಲಟವೇ ಎಂಬ ನಂಬಿಕೆ ದಶಕಗಳ ಕಾಲ ಗಟ್ಟಿಯಾಗಿತ್ತು.

ಇಲ್ಲಿ ಗಣಕದ ಕೆಲಸವೇನು? ಅದು ಎರಡು ಅಣುಗಳನ್ನು ಲೆಕ್ಕದಲ್ಲೇ ಹತ್ತಿರವಿಟ್ಟು, ಪರಮಾಣುಗಳನ್ನು ತುಸುತುಸುವೇ ಸರಿಸಿ, ಕ್ವಾಂಟಂ ಸಿದ್ಧಾಂತದ ಪ್ರಕಾರ ಶಕ್ತಿ ಎಷ್ಟು ಏರಿತೆಂದು ನೋಡುತ್ತದೆ. ಏರಿಕೆ ಕಡಿದಾದಷ್ಟೂ ಸ್ಪ್ರಿಂಗ್ ಬಿಗಿ, ಕಂಪನ ಹೆಚ್ಚು. ಆದರೆ ಜೋಡಿಯನ್ನು ಹಿಡಿದಿಟ್ಟ ಶಕ್ತಿ ಒಟ್ಟು ಶಕ್ತಿಯ ಅತಿ ಸಣ್ಣ ಪಾಲು. ಗುಬ್ಬಿ ಕುಳಿತ ಚಕ್ಕಡಿಯನ್ನು ತೂಗಿ ಗುಬ್ಬಿಯ ತೂಕ ಹೇಳಿದಂತೆ! ಸಣ್ಣ ತಪ್ಪೂ ಉತ್ತರವನ್ನು ತಲೆಕೆಳಗು ಮಾಡೀತು.

1998ರಲ್ಲಿ ಪ್ರಾಗ್ ನಗರದ ಪವೆಲ್ ಹೋಬ್ಜಾ ಮತ್ತು ಸಹೋದ್ಯೋಗಿಗಳ ಲೆಕ್ಕ ವಿಚಿತ್ರ ಉತ್ತರ ಕೊಟ್ಟಿತು. ಕೆಲವು ಜೋಡಿಗಳಲ್ಲಿ ಇಂಗಾಲ–ಜಲಜನಕ ಬಂಧ ಉದ್ದವಾಗುವ ಬದಲು ಕುಗ್ಗಿ, ಕಂಪನ ಹೆಚ್ಚಿತು. ನೊಗ ಹೊತ್ತ ಎತ್ತು ಇನ್ನೂ ಬಿರುಸಾಗಿ ನಡೆದಂತೆ! ಇದು ನೀಲಿ ಪಲ್ಲಟ. ಅಂಥ ಸುಳಿವು ಕೆಲವು ದ್ರಾವಣಗಳಲ್ಲಿ ಹಿಂದೆಯೂ ಕಂಡಿತ್ತು. ತಪ್ಪಿದ್ದು ಲೆಕ್ಕವೋ, ನಿಯಮವೋ? 1999ರಲ್ಲಿ ಕ್ಲೋರೋಫಾರ್ಮ್ ಮತ್ತು ಫ್ಲೋರೋಬೆಂಜೀನ್ ಅಣುಗಳ ಜೋಡಿಯ ಪ್ರಯೋಗಫಲ ಪ್ರಕಟವಾಯಿತು. ರೋಹಿತದ ರೇಖೆ ನೀಲಿಯತ್ತಲೇ ಸರಿದಿತ್ತು.

ಹಾಗಾದರೆ ಜಲಜನಕ ಬಂಧವೆಂದರೇನು? ಶುದ್ಧ ಮತ್ತು ಅನ್ವಯಿಕ ರಸಾಯನಶಾಸ್ತ್ರದ ಅಂತರರಾಷ್ಟ್ರೀಯ ಒಕ್ಕೂಟ ಇದಕ್ಕಾಗಿ ತಂಡವೊಂದನ್ನು ರಚಿಸಿತು. ಅದರ ಮುಂದಾಳು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಇ. ಅರುಣನ್. ಹೋಬ್ಜಾ ಅವರೂ ತಂಡದಲ್ಲಿದ್ದರು. 2011ರಲ್ಲಿ 14 ವಿಜ್ಞಾನಿಗಳ ಹೆಸರಿನಲ್ಲಿ ಹೊಸ ವ್ಯಾಖ್ಯೆ ಪ್ರಕಟವಾಯಿತು. ಸಾಮಾನ್ಯವಾಗಿ ಕೆಂಪು ಪಲ್ಲಟ, ಕೆಲವೊಮ್ಮೆ ನೀಲಿ ಪಲ್ಲಟ ಎಂದು ಅದು ಒಪ್ಪಿಕೊಂಡಿತು. ಬಂಧವಿದೆ ಎನ್ನಲು ಸಾಕ್ಷಿ ಬೇಕು. ಅದು ಪ್ರಯೋಗದಿಂದಲೂ ಬರಬಹುದು, ಸಿದ್ಧಾಂತದಿಂದಲೂ ಬರಬಹುದು, ಎರಡೂ ಕೂಡಿದರೆ ಉತ್ತಮ ಎಂದಿತು.

ಜಲಜನಕ ಬಂಧಕ್ಕೆ ಫ್ಲೋರಿನ್, ಆಮ್ಲಜನಕ, ಸಾರಜನಕ ಮಾತ್ರ ಎಂದು ಬಾಯಿಪಾಠ ಮಾಡಿದವರು ನಮ್ಮಲ್ಲಿ ಅನೇಕರು. ನಾನೂ ಅವರಲ್ಲೊಬ್ಬ. ಹೊಸ ವ್ಯಾಖ್ಯೆ ಆ ಬೇಲಿಯನ್ನು ತೆಗೆದು, ಸಾಕ್ಷಿಯಿದ್ದರೆ ಇಂಗಾಲಕ್ಕೂ ಜಾಗ ಕೊಟ್ಟಿದೆ. ನಿಮ್ಮ ಪುಸ್ತಕ ಏನು ಹೇಳುತ್ತದೆ? ಇಂದೇ ತೆರೆದು ನೋಡಿ. ಅಲ್ಲಿ ಹಳೆಯ ಬೇಲಿ ಕಂಡರೆ, ಗುರುಗಳನ್ನು ಕೇಳಲು ಹಿಂಜರಿಯಬೇಡಿ.