ಗರ್ಮ್ ಹವಾ: ಎರವಲು ಹವೇಲಿ, ರೀಲಿಲ್ಲದ ಕ್ಯಾಮೆರಾ

‘ಗರ್ಮ್ ಹವಾ’ ಚಿತ್ರದ ಮಾತು ಬಂದಾಗಲೆಲ್ಲ ನಮ್ಮ ಕಣ್ಣ ಮುಂದೆ ನಿಲ್ಲುವುದು ಬಲರಾಜ್ ಸಾಹನಿಯವರ ದಣಿದ ಮುಖ. ದೇಶ ವಿಭಜನೆಯಾದ ಮೇಲೂ ಆಗ್ರಾದಲ್ಲೇ ಉಳಿದುಕೊಂಡ ಸಲೀಂ ಮಿರ್ಜಾ ಎಂಬ ಬೂಟು ತಯಾರಕನ ಕಥೆ ಅದು. ಬಂಧುಗಳು ಒಬ್ಬೊಬ್ಬರಾಗಿ ಪಾಕಿಸ್ತಾನದ ದಾರಿ ಹಿಡಿಯುತ್ತಾರೆ. ನಾಳೆ ಇವನೂ ಹೋಗಿಬಿಟ್ಟರೆ ಎಂಬ ಅನುಮಾನದಲ್ಲಿ ಸಾಲ ಕೊಡುವವರು ಕೈ ಹಿಂದೆಗೆಯುತ್ತಾರೆ. ಅಣ್ಣನ ಹೆಸರಿನಲ್ಲಿದ್ದ ಹವೇಲಿ ಕೈತಪ್ಪುತ್ತದೆ. ಬಾಡಿಗೆ ಮನೆ ಹುಡುಕಿ ಹೊರಟರೆ ಹೆಸರು ಕೇಳಿದ್ದೇ ಬಾಗಿಲುಗಳು ಮುಚ್ಚಿಕೊಳ್ಳುತ್ತವೆ. ನಗರಗಳಲ್ಲಿ ಮನೆ ಹುಡುಕಿದ ಅನುಭವ ಇರುವ ನಮ್ಮಂಥವರಿಗೆ ಆ ದೃಶ್ಯವನ್ನು ಯಾರೂ ವಿವರಿಸಿ ಹೇಳಬೇಕಿಲ್ಲ.

ಈ ಚಿತ್ರದ ಕುರಿತು ಬೇಕಾದಷ್ಟು ಬರಹಗಳು ಬಂದಿವೆ. ಆದರೆ ಕೈಯಲ್ಲಿ ದುಡ್ಡಿಲ್ಲದೆ, ಹಿಂದೆ ದೊಡ್ಡ ಸ್ಟುಡಿಯೋ ಇಲ್ಲದೆ, ಎಲ್ಲರೂ ಮುಟ್ಟಲು ಹೆದರುವ ವಸ್ತುವನ್ನು ಇಟ್ಟುಕೊಂಡು ಆ ತಂಡ ಚಿತ್ರೀಕರಣಕ್ಕೆ ಸಜ್ಜಾದದ್ದು ಹೇಗೆ ಎಂಬುದೇ ಬೇರೊಂದು ಕಥೆ. ನಮಗೆ ಅದು ಚಿತ್ರದ ಕಥೆಯಷ್ಟೇ ಮುಖ್ಯವೆನಿಸುತ್ತದೆ.

ನಿರ್ದೇಶಕ ಎಂ.ಎಸ್. ಸತ್ಯು ನಮ್ಮ ಮೈಸೂರಿನವರು, 1930ರಲ್ಲಿ ಹುಟ್ಟಿದವರು. ಮುಂಬೈಗೆ ಹೋಗಿ, ರಂಗಭೂಮಿಯಲ್ಲಿ ಬೆಳೆದು, 1964ರ ‘ಹಕೀಕತ್’ ಚಿತ್ರದ ಕಲಾ ನಿರ್ದೇಶನಕ್ಕೆ ಫಿಲ್ಮ್‌ಫೇರ್ ಪ್ರಶಸ್ತಿ ಪಡೆದಿದ್ದರು. ವಿಭಜನೆಯ ಕಾಲದಲ್ಲಿ ಒಡೆದುಹೋದ ತಮ್ಮದೇ ಕುಟುಂಬದ ಸಂಗತಿಗಳನ್ನು ಆಧರಿಸಿ ಇಸ್ಮತ್ ಚುಗ್ತಾಯಿ ಒಂದು ಕಥೆ ಹೇಳಿದರು. ಅಚ್ಚಾಗದ ಕಥೆ ಅದು. ಸತ್ಯು ಅವರ ಪತ್ನಿ ಶಮಾ ಜೈದಿ ಮತ್ತು ಕವಿ ಕೈಫಿ ಆಜ್ಮಿ ಸೇರಿ ಚಿತ್ರಕಥೆ ಬರೆದರು. ಚರ್ಮ, ಬೂಟು, ಕಾರ್ಖಾನೆಗಳ ಲೋಕವನ್ನು ಅದರೊಳಕ್ಕೆ ತಂದವರು ಕೈಫಿ. ಇದು ಸಣ್ಣ ಬದಲಾವಣೆಯಲ್ಲ. ಉರ್ದು ಶಾಯರಿಯ ನೆರಳಿನಲ್ಲಿ ನಿಟ್ಟುಸಿರು ಬಿಡುತ್ತ ಕೂರುವ ನವಾಬನ ಬದಲು, ಆರ್ಡರು ತಪ್ಪಿದರೆ ಕೆಲಸಗಾರರಿಗೆ ಕೂಲಿ ಹೇಗೆ ಕೊಡುವುದೆಂದು ಚಿಂತಿಸುವ ಮುಸಲ್ಮಾನ ತೆರೆಗೆ ಬಂದ.

ಇನ್ನು ಹಣ. ಸರ್ಕಾರದ ಫಿಲ್ಮ್ ಫೈನಾನ್ಸ್ ಕಾರ್ಪೊರೇಷನ್ ಆಗ ಹೊಸ ಬಗೆಯ ಚಿತ್ರಗಳಿಗೆ ನೆರವಾಗುತ್ತಿತ್ತು. 1969ರಲ್ಲಿ ಮೃಣಾಲ್ ಸೇನ್ ಅವರ ‘ಭುವನ್ ಶೋಮ್’ ಬಂದದ್ದು ಅದರ ನೆರವಿನಿಂದಲೇ. ‘ಗರ್ಮ್ ಹವಾ’ಕ್ಕೆ ಅದು ಕೊಟ್ಟದ್ದು ಎರಡೂವರೆ ಲಕ್ಷ ರೂಪಾಯಿ. ವರ್ಣಚಿತ್ರಕ್ಕೆ ಅದು ಏನೇನೂ ಸಾಲದು. ಉಳಿದದ್ದಕ್ಕೆ ಸತ್ಯು ಅಲ್ಲಲ್ಲಿ ಸಾಲ ಮಾಡಿದರು. ಛಾಯಾಗ್ರಾಹಕ ಈಶಾನ್ ಆರ್ಯ ಜಾಹೀರಾತು ಚಿತ್ರಗಳಿಂದ ಬಂದವರು. ಕಥಾಚಿತ್ರಕ್ಕೆ ಕ್ಯಾಮೆರಾ ಹಿಡಿದದ್ದು ಇದೇ ಮೊದಲು. ನಿರ್ಮಾಣದಲ್ಲೂ ಅವರು ಹೆಗಲು ಕೊಟ್ಟರು. ಕ್ಯಾಮೆರಾ ಗೆಳೆಯರೊಬ್ಬರು ಕೊಟ್ಟ ಆರಿಫ್ಲೆಕ್ಸ್. ಧ್ವನಿಮುದ್ರಣದ ಸಲಕರಣೆ ತರಲು ದುಡ್ಡಿರಲಿಲ್ಲ. ಆದ್ದರಿಂದ ಇಡೀ ಚಿತ್ರವನ್ನು ಮೂಕಿಯಾಗಿ ತೆಗೆದು, ಮಾತನ್ನೂ ಸದ್ದನ್ನೂ ಆಮೇಲೆ ಕೂರಿಸುವುದೆಂದು ಮೊದಲೇ ತೀರ್ಮಾನವಾಯಿತು. ಈ ತೀರ್ಮಾನದ ನೆನಪು ಓದುಗರಿಗಿರಲಿ. ಮುಂದೆ ಅದಕ್ಕೆ ಬೇರೊಂದು ಅರ್ಥ ಬರಲಿದೆ.

ಕಲಾವಿದರಲ್ಲಿ ಹೆಚ್ಚಿನವರು ಇಪ್ಟಾದವರು, ಅಂದರೆ ಜನನಾಟ್ಯ ಸಂಘದ ರಂಗನಟರು. ಮುಂಬೈ, ದೆಹಲಿ, ಆಗ್ರಾ ಮೂರೂ ಕಡೆಯವರಿದ್ದರು. ಸಂಭಾವನೆಗಿಂತ ಸ್ನೇಹ ದೊಡ್ಡದೆನ್ನುವ ಮಂದಿ. ಕೈಫಿಯವರ ಪತ್ನಿ ಶೌಕತ್ ಕೈಫಿ ಸಲೀಂ ಮಿರ್ಜಾನ ಬೇಗಂ ಆದರು. ಕಾನೂನು ಓದುತ್ತಿದ್ದ ಫಾರೂಕ್ ಶೇಖ್ ಮಗ ಸಿಕಂದರನಾಗಿ ಮೊದಲ ಬಾರಿ ಕ್ಯಾಮೆರಾ ಎದುರಿಸಿದರು. ಪಾತ್ರ ಹಂಚಿಕೆಯಲ್ಲಿ ನಮ್ಮನ್ನು ಬಹಳ ಕಾಡುವ ಸಂಗತಿ ಮತ್ತೊಂದಿದೆ. ಮನೆ ಕಳೆದುಕೊಳ್ಳುವ ಮುಸಲ್ಮಾನನ ಪಾತ್ರ ಮಾಡಿದ ಬಲರಾಜ್ ಸಾಹನಿ ರಾವಲ್ಪಿಂಡಿಯಲ್ಲಿ ಹುಟ್ಟಿದವರು. ಆ ಹವೇಲಿಯನ್ನು ಕೊಳ್ಳುವ ಸಿಂಧಿ ವ್ಯಾಪಾರಿ ಅಜ್ಮಾನಿಯ ಪಾತ್ರ ಮಾಡಿದ ಎ.ಕೆ. ಹಂಗಲ್ ಸಿಯಾಲ್‌ಕೋಟದಲ್ಲಿ ಹುಟ್ಟಿ, ಕರಾಚಿಯಲ್ಲಿ ಬಾಳಿ, ವಿಭಜನೆಯ ನಂತರ ಮುಂಬೈಗೆ ಬಂದವರು. ಇಬ್ಬರೂ ತಮ್ಮ ಊರನ್ನು ಗಡಿಯಾಚೆ ಬಿಟ್ಟವರೇ. ಅಂಥವರಿಗೆ ಮನೆ ಬಿಡುವ ದೃಶ್ಯದ ತಾಲೀಮು ಬೇರೆ ಯಾಕೆ ಬೇಕು!

ಈಗ ಹವೇಲಿಯ ವಿಷಯ. ಸೆಟ್ ಹಾಕುವ ವಿದ್ಯೆ ಬಲ್ಲ ಸತ್ಯು ಈ ಚಿತ್ರಕ್ಕೆ ಹವೇಲಿಯ ಸೆಟ್ ಹಾಕಲಿಲ್ಲ. ಆಗ್ರಾದ ಪೀಪಲ್ ಮಂಡಿಯಲ್ಲಿ ಆರ್.ಎಸ್. ಲಾಲ್ ಮಾಥುರ್ ಎಂಬುವರ ಹಳೆಯ ಹವೇಲಿ ಇತ್ತು. ಅವರು ಅದನ್ನು ಚಿತ್ರೀಕರಣಕ್ಕೆ ಬಿಟ್ಟುಕೊಟ್ಟದ್ದಲ್ಲದೆ ಉದ್ದಕ್ಕೂ ತಂಡದ ಬೆನ್ನಿಗೆ ನಿಂತರು. ಕಥೆಯೊಳಗೆ ಮುಸಲ್ಮಾನನಿಗೆ ಊರಿನಲ್ಲಿ ಮನೆ ಸಿಗುವುದಿಲ್ಲ. ಆ ಕಥೆಗೆ ಅದೇ ಊರಿನ ಮಾಥುರರೊಬ್ಬರು ತಮ್ಮ ಮನೆಯನ್ನೇ ಕೊಟ್ಟರು. ಎರಡೂ ಆಗ್ರಾದ ಸತ್ಯಗಳೇ.

ಸಲೀಂ ಮಿರ್ಜಾನ ವೃದ್ಧ ತಾಯಿಯ ಪಾತ್ರಕ್ಕೆ ಮೊದಲು ಕೇಳಿದ್ದು ಗಾಯಕಿ ಬೇಗಂ ಅಖ್ತರ್ ಅವರನ್ನು. ಅವರು ಒಪ್ಪಲಿಲ್ಲ. ಆಗಲೂ ದಾರಿ ತೋರಿಸಿದವರು ಮಾಥುರರು. ಅವರ ನೆರವಿನಿಂದ ಸತ್ಯು ಆಗ್ರಾದ ವೇಶ್ಯೆಯರ ಕೇರಿಯಲ್ಲಿ ಬದರ್ ಬೇಗಂ ಎಂಬ ಮುದುಕಿಯನ್ನು ಕಂಡರು. ಎಪ್ಪತ್ತು ದಾಟಿದ ಜೀವ, ಪೊರೆ ಬಂದು ಕಣ್ಣು ಹೆಚ್ಚುಕಡಿಮೆ ಹೋಗಿತ್ತು. ಹದಿನಾರರ ಹರೆಯದಲ್ಲಿ ಸಿನಿಮಾದ ಹುಚ್ಚಿನಿಂದ ಮನೆ ಬಿಟ್ಟು ಮುಂಬೈಗೆ ಓಡಿ, ಅಲ್ಲಿ ಎಕ್ಸ್‌ಟ್ರಾ ಆಗಿ ಒಂದಿಷ್ಟು ಕೆಲಸ ಸಿಕ್ಕಿ, ಆ ದುಡ್ಡಿನಲ್ಲೇ ಆಗ್ರಾಕ್ಕೆ ಮರಳಿ, ಕೊನೆಗೆ ಆ ಕೇರಿ ಸೇರಿದ ಹೆಣ್ಣು. ಮುಂಬೈಗೆ ಹೋಗಿ ಬೇಡಿದರೂ ದಕ್ಕದ ಸಿನಿಮಾ ಐವತ್ತು ವರ್ಷಗಳ ಮೇಲೆ ತಾನಾಗಿ ಅವಳ ಹೊಸ್ತಿಲಿಗೆ ಬಂತು. ಮದುವಣಗಿತ್ತಿಯಾಗಿ ಕಾಲಿಟ್ಟ ಮನೆಯನ್ನು ಬಿಡಲೊಲ್ಲದೆ ಮೂಲೆಯಲ್ಲಿ ಅಡಗಿ ಕೂರುವ, ಸಾಯುವ ಮುನ್ನ ಡೋಲಿಯಲ್ಲಿ ಅದೇ ಮನೆಗೆ ಬರುವ ದಾದಿಯನ್ನು ಒಮ್ಮೆ ನೋಡಿದವರು ಮರೆಯಲಾರರು. ಮರ್ಯಾದಸ್ಥ ಖಾನ್‌ದಾನಿನ ಹಿರಿಯಳಾಗಿ ಮರ್ಯಾದಸ್ಥರು ಹೆಸರೆತ್ತದ ಕೇರಿಯ ಹೆಂಗಸು ಕೂತಿದ್ದಾಳೆ. ಶರೀಫರ ಮನೆಗಳ ಬಗ್ಗೆ ನಿರ್ದಾಕ್ಷಿಣ್ಯವಾಗಿ ಬರೆದ ಇಸ್ಮತ್ ಆಪಾರ ಕಥೆಗೆ ಇದಕ್ಕಿಂತ ತಕ್ಕವಳು ಸಿಗುತ್ತಿರಲಿಲ್ಲ. ಅವಳ ಮಾತಿಗೆ ಆಮೇಲೆ ದನಿ ಕೊಟ್ಟವರು ದೀನಾ ಪಾಠಕ್.

ಚಿತ್ರೀಕರಣ ಶುರುವಾದದ್ದೇ ಊರಿನಲ್ಲಿ ಗುಸುಗುಸು ಎದ್ದಿತು. ಹಿಂದೂ–ಮುಸ್ಲಿಂ ವಿಷಯವಂತೆ, ಪಾಕಿಸ್ತಾನದ ವಿಷಯವಂತೆ! ವಿರೋಧಿಸುವವರು ಮತ್ತೆ ಮತ್ತೆ ಬರತೊಡಗಿದರು. ಪ್ರತಿಸಲ ವಾದಕ್ಕೆ ನಿಂತರೆ ದಿನ ಕಳೆದೀತು, ದಿನ ಕಳೆದರೆ ದುಡ್ಡು ಕರಗೀತು. ತಂಡ ಒಂದು ಉಪಾಯ ಹೂಡಿತು. ಎರಡನೇ ತುಕಡಿಯೊಂದನ್ನು ಮಾಡಿ, ರೀಲು ತುಂಬದ ಕ್ಯಾಮೆರಾ ಕೊಟ್ಟು, ಊರಿನ ಬೇರೆ ಬೇರೆ ಕಡೆಗೆ ಕಳಿಸಿತು. ಜನರ ಗಮನ ಅತ್ತ ಹರಿಯಿತು. ಇತ್ತ ನಿಜವಾದ ಕ್ಯಾಮೆರಾ ತನ್ನ ಕೆಲಸ ಮುಗಿಸಿಕೊಂಡಿತು. ಕೇಳಿದರೆ ನಗು ಬರುತ್ತದೆ. ನಕ್ಕ ಮೇಲೆ ಸ್ವಲ್ಪ ಹೊತ್ತು ಸುಮ್ಮನಾಗಬೇಕಾಗುತ್ತದೆ.

ಮೂಕಿಯಾಗಿ ತೆಗೆದ ಚಿತ್ರಕ್ಕೆ ಮುಂಬೈಯಲ್ಲಿ ಡಬ್ಬಿಂಗ್ ನಡೆಯಿತು. ಬಲರಾಜ್ ಸಾಹನಿ ತಮ್ಮ ಪಾಲಿನ ಮಾತುಗಳನ್ನು ಪೂರ್ತಿಯಾಗಿ ಹೇಳಿ ಮುಗಿಸಿ ಮನೆಗೆ ಹೋದರು. ಮರುದಿನ, 1973ರ ಏಪ್ರಿಲ್ 13ರಂದು, ತೀರಿಕೊಂಡರು. ದುಡ್ಡಿಲ್ಲವೆಂದು ಮುಂದೂಡಿದ ಕೆಲಸ ಒಂದೇ ಒಂದು ದಿನದ ಅಂತರದಲ್ಲಿ ಪೂರೈಸಿತ್ತು. ಇಲ್ಲವಾದರೆ ಸಲೀಂ ಮಿರ್ಜಾನ ತುಟಿಗೆ ಇನ್ಯಾರದೋ ದನಿ ಅಂಟಿಸಬೇಕಾಗುತ್ತಿತ್ತು. ಪೂರ್ತಿಯಾದ ಚಿತ್ರವನ್ನು ಅವರು ನೋಡಲಿಲ್ಲ.

ಗಲಭೆಯಾದೀತೆಂಬ ಹೆದರಿಕೆಯಿಂದ ಸೆನ್ಸಾರಿನವರು ತಿಂಗಳುಗಟ್ಟಲೆ ಚಿತ್ರವನ್ನು ತಡೆಹಿಡಿದರು. ಸತ್ಯು ರಾಜಕಾರಣಿಗಳಿಗೆ, ಪತ್ರಕರ್ತರಿಗೆ ತೋರಿಸುತ್ತ ಅಲೆದರು. ಮುಂದೆ ರಾಷ್ಟ್ರೀಯ ಭಾವೈಕ್ಯದ ಪ್ರಶಸ್ತಿ ಬಂದದ್ದು ಇದೇ ಚಿತ್ರಕ್ಕೆ. ಕೊನೆಗೆ ಬಿಡುಗಡೆಯ ಅವಕಾಶ ದೊರೆತಾಗ ಚಿತ್ರ ಮೊದಲು ತೆರೆಕಂಡದ್ದು ಬೆಂಗಳೂರಿನಲ್ಲಿ, ಸಾಗರ್ ಮತ್ತು ಸಂಗೀತ್ ಟಾಕೀಸುಗಳಲ್ಲಿ. ಜನ ಶಾಂತವಾಗಿ ನೋಡಿದರು, ಮೆಚ್ಚಿದರು. ದೇಶದ ಉಳಿದ ಕಡೆ ದಾರಿ ತೆರೆದದ್ದು ಆಮೇಲೆ.

ನಮ್ಮ ಮಾಮು ಆಗ ಬೆಂಗಳೂರಿನಲ್ಲಿ ದರ್ಜಿ ಕೆಲಸದಲ್ಲಿದ್ದರು. ಚಿತ್ರ ನೋಡಿ, ಮುಂದಿನ ಹಬ್ಬಕ್ಕೆ ಊರಿಗೆ ಬಂದವರು ನಾನಿಯ ಎದುರು ಕೂತು ಕಥೆಯನ್ನೆಲ್ಲ ಹೇಳಿದರಂತೆ. ನಾನಿ ಕೊನೆಯವರೆಗೂ ಕೇಳಿ, ‘ಮನೆ ಯಾರ ಹೆಸರಲ್ಲಿದ್ದರೇನು, ಒಲೆ ಹಚ್ಚಿದವಳು ಅವಳಲ್ಲವೇನೋ’ ಎಂದು ಎದ್ದು ಒಳಗೆ ಹೋದರಂತೆ.